ಅಕ್ಷರದ ತೊಡಕೂ ಮಗುವಿನ ಆತ್ಮವಿಶ್ವಾಸವೂ

ಅಕ್ಷರಾಭ್ಯಾಸವು ವಿದ್ಯೆಯ ಬಾಗಿಲೆಂಬುದು ನಿರ್ವಿವಾದ. ಆದರೆ ಆ ಬಾಗಿಲಿನಲ್ಲಿಯೇ ಎಡವುವ ಕೆಲವು ಮಕ್ಕಳು ಶಾಲೆಗಳಲ್ಲಿ ಇದ್ದೇ ಇರುತ್ತಾರೆ. ಅವರು ಒಮ್ಮೆ ಕೇಳಿದ ಕಥೆಯನ್ನು ಮರಳಿ ಹೇಳಬಲ್ಲರು, ಬಾಯಿಲೆಕ್ಕದಲ್ಲಿ ಚುರುಕಾಗಿರುವರು. ಪುಸ್ತಕವನ್ನು ತೆರೆದೊಡನೆ ಮಾತ್ರ ಅವರ ನಾಲಗೆ ತಡೆಯುತ್ತದೆ. ನಿನ್ನೆ ಓದಿದ ಪದವೇ ಇಂದು ಅಪರಿಚಿತವಾಗಿ ತೋರುತ್ತದೆ. ಇಂಥವರನ್ನು ಸೋಮಾರಿಗಳೆಂದೋ ಮಂದಮತಿಗಳೆಂದೋ ಎಣಿಸಿ ಹಿಂದಿನ ಸಾಲಿಗೆ ಕಳುಹಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಬುದ್ಧಿಯ ಕೊರತೆಯಾಗಲಿ ಕಣ್ಣಿನ ದೋಷವಾಗಲಿ ಇದಕ್ಕೆ ಕಾರಣವಲ್ಲ. ಬರೆದ ಚಿಹ್ನೆಯನ್ನು ಅದರ ಧ್ವನಿಯೊಡನೆ ಕೂಡಿಸುವ ಮಿದುಳಿನ ವ್ಯಾಪಾರವು ಈ ಮಕ್ಕಳಲ್ಲಿ ನಿಧಾನವಾಗಿ ಸಾಗುತ್ತದೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಕಂಡುಬರುತ್ತದೆ.

ಈ ವಿಷಯದ ಚರಿತ್ರೆಯಲ್ಲಿ ಒಬ್ಬ ಬಾಲಕನ ವೃತ್ತಾಂತ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಪರ್ಸಿ ಎಂಬ ಆ ಬಾಲಕನಿಗೆ ಆಗ 14 ವರ್ಷ. ಆತನು ಬುದ್ಧಿವಂತ, ದೃಷ್ಟಿ ನೆಟ್ಟಗಿತ್ತು, ಅಂಕಿಗಳನ್ನು ನಿರಾಯಾಸವಾಗಿ ಓದುತ್ತಿದ್ದನು. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿದ್ದರೂ ಸಣ್ಣ ಪದಗಳನ್ನೂ ಓದಲಾರನು. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದು ಮಾಡಿದನು. ಮಾರ್ಗನ್ ಇದನ್ನು ಹುಟ್ಟಿನಿಂದ ಬಂದ ಪದಾಂಧತೆ ಎಂದು ಕರೆದರು. ಆತನಿಗೆ ಪಾಠ ಹೇಳಿದ್ದ ಉಪಾಧ್ಯಾಯರ ಅಭಿಪ್ರಾಯವನ್ನೂ ಅವರು ದಾಖಲಿಸಿದ್ದಾರೆ: ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಈತನೇ ಎಲ್ಲರಿಗಿಂತ ಜಾಣ. ಶಿಷ್ಯನ ಶಕ್ತಿಯನ್ನು ಗುರುವು ಗುರುತಿಸಿದ್ದನು; ಆ ಶಕ್ತಿಗೆ ದಾರಿಮಾಡಿಕೊಡುವ ಕ್ರಮವು ಅಂದಿನ ಶಾಲೆಗಳಲ್ಲಿ ಇರಲಿಲ್ಲ.

ನುಡಿದಂತೆ ಬರೆಯುವ ಕನ್ನಡದಲ್ಲಿ ಈ ತೊಡಕಿಗೆ ಅವಕಾಶವೆಲ್ಲಿ ಎಂದು ಕೆಲವರು ಕೇಳಬಹುದು. ಇಂಗ್ಲಿಷಿನ ಕಾಗುಣಿತದ ಅವ್ಯವಸ್ಥೆ ಕನ್ನಡಕ್ಕೆ ಇಲ್ಲವೆಂಬುದು ದಿಟ. ಆದರೂ ಲಿಪಿಯ ರಚನೆಯನ್ನು ಪರಿಶೀಲಿಸಿದರೆ ಮಗುವಿನ ಕಷ್ಟ ತಿಳಿಯುತ್ತದೆ. 34 ವ್ಯಂಜನಗಳ ಕಾಗುಣಿತದಿಂದಲೇ 400ಕ್ಕೂ ಮಿಕ್ಕ ರೂಪಗಳು ಹುಟ್ಟುತ್ತವೆ. ಒತ್ತಕ್ಷರಗಳು ಇನ್ನೂ ಬೇರೆ. ದ-ಧ, ಬ-ಭ, ಪ-ಫ ಇವುಗಳ ನಡುವಣ ಅಂತರ ಒಂದು ಸಣ್ಣ ಗೀರು ಮಾತ್ರ. 'ಶಕ್ತಿ' ಎಂಬ ಪದದಲ್ಲಿ ಇಕಾರದ ಗುಡಿಸು ಕಕಾರದ ಮೇಲೆ ಕುಳಿತಿದೆ. ಅದರ ಉಚ್ಚಾರಣೆಯಾದರೋ ಕೆಳಗಿನ ತಕಾರದ ಅನಂತರ. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಮಕಾರದ ಬಲಕ್ಕೆ ನಿಂತರೂ ರೇಫವನ್ನು ಮಕಾರಕ್ಕಿಂತ ಮೊದಲು ನುಡಿಯಬೇಕು. ಕಣ್ಣು ಕಂಡ ಕ್ರಮವೊಂದು, ಕಿವಿ ಕೇಳುವ ಕ್ರಮ ಮತ್ತೊಂದು. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಕನ್ನಡದ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದೆಂದು ತೋರಿಸಿದೆ. ಆದಕಾರಣ ಒಂದನೆಯ ತರಗತಿಯಲ್ಲಿ ತಡವರಿಸುವ ಮಗುವಿಗೆ ಆತುರದಿಂದ ದೋಷದ ಹೆಸರಿಡಬಾರದು. ನಾಲ್ಕು ವರ್ಷ ಕಲಿತರೂ ಗುಣಿತಾಕ್ಷರಗಳಲ್ಲಿಯೇ ತೊಳಲುವ ಮಗುವನ್ನು ಉಪೇಕ್ಷಿಸಲೂ ಬಾರದು.

ಇನ್ನು ಉಪಾಯದ ಮಾತು. ಅಮೆರಿಕದ ನರರೋಗತಜ್ಞ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಣತಜ್ಞೆ ಆನ್ನಾ ಗಿಲ್ಲಿಂಗ್‌ಹ್ಯಾಮ್ ಅವರು 1930ರ ದಶಕದಲ್ಲಿ ರೂಪಿಸಿದ ಬೋಧನಕ್ರಮದಲ್ಲಿ ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ದುಡಿಯುತ್ತವೆ. ಮಗು ಅಕ್ಷರವನ್ನು ನೋಡುತ್ತ, ನುಡಿಯುತ್ತ, ಬೆರಳಿನಿಂದ ತೀಡಬೇಕು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಹಳೆಯ ಐಗಳ ಮಠಗಳ ಪದ್ಧತಿಗೆ ಇದು ದೂರದ್ದಲ್ಲ. 'ಶಕ್ತಿ' ಎಂಬ ಪದವನ್ನು ಕಲಿಸುವಾಗ ಮೊದಲು ಛಂದಸ್ಸಿನ ಮಾತ್ರೆ ಎಣಿಸುವಂತೆ ತಾಳ ಹಾಕಿ ಧ್ವನಿಗಳನ್ನು ಬಿಡಿಸಿ ಹೇಳಿಸಬೇಕು. ಅನಂತರ ಕ್, ತ, ಇ ಎಂಬ ಅಂಗಗಳನ್ನು ಬೇರೆಬೇರೆ ಬರೆಯಿಸಿ ಕೂಡಿಸಬೇಕು. ದಿನಕ್ಕೆ ಕೆಲವೇ ಅಕ್ಷರ, ಆದರೆ ನಿತ್ಯವೂ ಅಭ್ಯಾಸ ಎಂಬುದು ಇಲ್ಲಿಯ ನಿಯಮ.

ಬೋಧನಕ್ರಮಕ್ಕಿಂತಲೂ ಮಿಗಿಲಾದುದು ಮಗುವಿನ ಮಾನವನ್ನು ಕಾಯುವುದು. ತರಗತಿಯೆಲ್ಲ ನಗುತ್ತಿರಲು ತಡವರಿಸುತ್ತ ನಿಂತ ಮಗುವು ಓದನ್ನಷ್ಟೇ ಅಲ್ಲದೆ ಶಾಲೆಯನ್ನೇ ಅಂಜತೊಡಗುತ್ತದೆ. ಬೆಳಗಿನ ಹೊಟ್ಟೆನೋವು, ಕಳೆದುಹೋಗುವ ಪುಸ್ತಕ, ಅಕಾರಣ ತುಂಟತನ, ಇವು ಹಲವೊಮ್ಮೆ ಆ ಅಂಜಿಕೆಯ ಮರೆಗಳು. ಕೊನೆಗೆ ಶಾಲೆಯನ್ನು ಬಿಡುವುದೂ ಉಂಟು. ಆದುದರಿಂದ ಇಂಥ ಮಗುವನ್ನು ಹಠಾತ್ತನೆ ಎಬ್ಬಿಸಿ ಓದಿಸಬಾರದು. ನಾಳೆ ಓದಬೇಕಾದ ನಾಲ್ಕು ಸಾಲನ್ನು ಇಂದೇ ಗುರುತುಮಾಡಿ ಕೊಟ್ಟರೆ, ಅದು ಮನೆಯಲ್ಲಿ ಅಭ್ಯಾಸಮಾಡಿ ಬಂದು ತಲೆಯೆತ್ತಿ ಓದೀತು. ಸಮಾಜಪಾಠದ ಉತ್ತರದಲ್ಲಿ ಒತ್ತಕ್ಷರ ತಪ್ಪಿದರೂ ವಿಷಯ ಸರಿಯಿದ್ದರೆ ವಿಷಯಕ್ಕೆ ಸಲ್ಲಬೇಕಾದ ಅಂಕ ಸಲ್ಲಬೇಕು. ಕಂಠಪಾಠ, ನಾಟಕ, ಗಾಯನ, ಗಣಿತ, ಯಾವುದರಲ್ಲಿ ಆ ಮಗುವಿಗೆ ಗತಿಯಿದೆಯೋ ಅದರಲ್ಲಿ ಮುಂದೆ ನಿಲ್ಲಿಸಬೇಕು. ಒಂದು ಕಡೆ ಗೆದ್ದ ಧೈರ್ಯವು ಮತ್ತೊಂದು ಕಡೆಯ ಶ್ರಮಕ್ಕೆ ಬಲವಾಗುತ್ತದೆ.

ಇದು ಇಂದು ದಯೆಯ ವಿಷಯವಷ್ಟೇ ಆಗಿ ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಇಂಥ ಮಕ್ಕಳನ್ನು ಬೇಗನೆ ಗುರುತಿಸಿ ತಕ್ಕ ಬೋಧನೆ ನೀಡುವಂತೆ ಸರ್ಕಾರದ ಅನುದಾನ ಅಥವಾ ಮನ್ನಣೆ ಪಡೆದ ಶಾಲೆಗಳು ನಡೆಯಬೇಕೆಂಬುದು ಅದರ ಆಶಯ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನೂ ಅದು ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷೆಗೂ ಮಾರ್ಗದರ್ಶನಕ್ಕೂ ತಜ್ಞರಿದ್ದಾರೆ.

ಶಿಕ್ಷಕರು ಬೈಯುವ ಮೊದಲು ಪರಿಶೀಲಿಸಲಿ. ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಬಂದು ಇಂಥ ಮಕ್ಕಳಿಗೆ ಪಾಠಗಳನ್ನು ಓದಿಹೇಳಲಿ. ಕೊಠಡಿ ಕಟ್ಟಿಸುವ ದಾನಿಗಳು ಆ ಕೊಠಡಿಯಲ್ಲಿ ಕುಳಿತು ಕಲಿಸುವ ಒಬ್ಬ ವಿಶೇಷ ಶಿಕ್ಷಕರ ವೇತನವನ್ನೂ ನೆನೆಯಲಿ. ಪರ್ಸಿಗೆ ದೊರೆಯದೆ ಹೋದ ಅನುಕೂಲವು ಇಂದಿನ ಹಿಂದಿನ ಸಾಲಿನ ಮಗುವಿಗೆ ದೊರೆಯುವುದು ಇಷ್ಟರಿಂದಲೇ ಸಾಧ್ಯ.