ಬಿಲ್ಲೆ ಬಿಲ್ಲೆಯಾಗಿ ಬರುವ ಭೂಪಟ

ಗೋಡೆಗೆ ತೂಗುಹಾಕಿದ ಜಗತ್ತಿನ ಭೂಪಟದಲ್ಲಿ ಬೆಂಗಳೂರು ಒಂದು ಚುಕ್ಕೆ ಮಾತ್ರ. ಭೂತಗನ್ನಡಿ ಹಿಡಿದರೆ ಚುಕ್ಕೆ ದೊಡ್ಡದಾದೀತು, ಬೀದಿಗಳು ಕಾಣವು. ಗಣಕಯಂತ್ರದ ತೆರೆಯ ಮೇಲಿನ ಭೂಪಟವಾದರೋ ಹಿಗ್ಗಿಸಿದಂತೆಲ್ಲ ಹೊಸ ವಿವರಗಳನ್ನು ತೋರುತ್ತ ಹೋಗುತ್ತದೆ. ಇಷ್ಟೊಂದು ವಿವರ ಕ್ಷಣಮಾತ್ರದಲ್ಲಿ ನಮ್ಮೆದುರಿಗೆ ಬರುವುದು ಹೇಗೆ?

1990ರ ದಶಕದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಮ್ಯಾಪ್‌ಸರ್ವರ್’ ಎಂಬ ಮುಕ್ತ ತಂತ್ರಾಂಶವು, ನೋಡುವವರು ಕೇಳಿದಾಗಲೆಲ್ಲ ಬೇಕಾದ ಭಾಗವನ್ನು ಹೊಸದಾಗಿ ಚಿತ್ರಿಸಿ ಕಳುಹಿಸುತ್ತಿತ್ತು. ಕೇಳುವವರು ಹೆಚ್ಚಿದಂತೆ ಈ ಕ್ರಮದಲ್ಲಿ ಕಾಯುವ ಹೊತ್ತೂ ಹೆಚ್ಚುತ್ತದೆ. ಆದುದರಿಂದ ಚಿತ್ರಗಳನ್ನು ಮೊದಲೇ ಬರೆದು, ನೆಲಕ್ಕೆ ಹಾಸುವ ಬಿಲ್ಲೆಗಳಂತೆ ಕತ್ತರಿಸಿಡುವ ಉಪಾಯವು ಬಳಕೆಗೆ ಬಂದಿತು.

ಸೊನ್ನೆಯ ಮಟ್ಟದಲ್ಲಿ ಇಡೀ ಜಗತ್ತು ಒಂದೇ ಬಿಲ್ಲೆ. ಅದರ ಉದ್ದಗಲಗಳು 256 ಬಿಂದುಗಳು. ಮುಂದಿನ ಮಟ್ಟದಲ್ಲಿ ಉದ್ದಗಲಗಳೆರಡೂ ಇಮ್ಮಡಿಯಾಗಿ 4 ಬಿಲ್ಲೆಗಳಾಗುತ್ತವೆ. ಬಳಿಕ 16, 64, ಹೀಗೆ. 18ನೆಯ ಮಟ್ಟದಲ್ಲಿ ಅವುಗಳ ಸಂಖ್ಯೆ 6,871 ಕೋಟಿಯನ್ನು ಮೀರುತ್ತದೆ! ಅಲ್ಲಿ, ಭೂಮಧ್ಯರೇಖೆಯ ಬಳಿ, ಒಂದು ಬಿಂದುವು ಸುಮಾರು 60 ಸೆಂಟಿಮೀಟರ್ ನೆಲಕ್ಕೆ ಸಮ. ಗಾಬರಿಪಡಬೇಕಾದುದಿಲ್ಲ. 1024ಕ್ಕೆ 768 ಬಿಂದುಗಳ ತೆರೆಯನ್ನು ತುಂಬಲು 20 ಬಿಲ್ಲೆಗಳು ಸಾಕು.

ಯಾವ 20 ಎಂಬುದನ್ನು ನಿರ್ಧರಿಸುವುದೇ ‘ಲೀಫ್‌ಲೆಟ್’ ಎಂಬ ಮುಕ್ತ ತಂತ್ರಾಂಶದ ಕೆಲಸ. 2011ರಲ್ಲಿ ಇದನ್ನು ಪ್ರಕಟಿಸಿದವರು ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್. ಸ್ಥಳದ ಅಕ್ಷಾಂಶ ರೇಖಾಂಶಗಳಿಂದ ಬಿಲ್ಲೆಯ ಅಡ್ಡಸಾಲು, ಕಂಬಸಾಲುಗಳನ್ನು ಲೆಕ್ಕಹಾಕಿ, ಬೇಕಾದುವನ್ನಷ್ಟೇ ತರಿಸಿ, ಅದು ಪಕ್ಕಪಕ್ಕದಲ್ಲಿ ಜೋಡಿಸುತ್ತದೆ. ಭೂಪಟವನ್ನು ಸರಿಸಿದರೆ ಅಂಚಿಗೆ ಹೊಸದಾಗಿ ಬರಬೇಕಾದ ಬಿಲ್ಲೆಗಳನ್ನು ಮಾತ್ರ ಕೇಳುತ್ತದೆ.

‘ಮುಕ್ತ’ವೆಂದರೆ ಬಿಟ್ಟಿಯೆಂದಷ್ಟೇ ತಿಳಿಯುವವರುಂಟು. ಅದರ ಲೆಕ್ಕವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು ಎಂಬುದೇ ನನಗೆ ಹೆಚ್ಚಿನದಾಗಿ ತೋರುತ್ತದೆ. ಓದಿದವರಿಗೆ ಅಲ್ಲಿ ಸಿಗುವುದು 1569ರ ಮರ್ಕೇಟರನ ವಿಧಾನದ ಒಂದು ರೂಪ. ಇದರಲ್ಲಿ 60ನೆಯ ಅಕ್ಷಾಂಶದ ಬಳಿ ಉದ್ದವು ಇಮ್ಮಡಿಯಾಗಿಯೂ ಕ್ಷೇತ್ರಫಲವು ನಾಲ್ಮಡಿಯಾಗಿಯೂ ಕಾಣುತ್ತವೆ. ಆದುದರಿಂದಲೇ, ಆಫ್ರಿಕದ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟಿರುವ ಗ್ರೀನ್‌ಲೆಂಡ್ ಅದಕ್ಕೆ ಸರಿಸಮವೆಂಬಂತೆ ಮೆರೆಯುತ್ತದೆ. ಜಗತ್ತನ್ನು ಚಚ್ಚೌಕಕ್ಕೆ ಒಗ್ಗಿಸಲು 85.05 ಡಿಗ್ರಿಯಾಚೆಯ ಧ್ರುವಪ್ರದೇಶಗಳನ್ನು ಕತ್ತರಿಸಿಯೂ ಬಿಟ್ಟಿದ್ದಾರೆ. ಆ ಪ್ರದೇಶಗಳನ್ನೇ ಅಭ್ಯಸಿಸುವವರು ಬೇರೆ ಸೂತ್ರವನ್ನು ಅಳವಡಿಸಿಕೊಳ್ಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಆದರೆ ಬಿಲ್ಲೆಗಳ ಮೇಲೆ ಬರೆಯಲು ಊರುಕೇರಿಗಳ ವಿವರವಿರಬೇಕಷ್ಟೆ. ಅದನ್ನೂ ಮುಕ್ತವಾಗಿ ಕೂಡಿಸಲೆಂದು ಸ್ಟೀವ್ ಕೋಸ್ಟ್ ಎಂಬವರು 2004ರಲ್ಲಿ ಇಂಗ್ಲೆಂಡಿನಲ್ಲಿ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಆರಂಭಿಸಿದರು. 2010ರ ಜನವರಿ 12ರಂದು ಹೈಟಿ ದೇಶವು ಭೂಕಂಪಕ್ಕೆ ತುತ್ತಾದಾಗ, ರಾಜಧಾನಿ ಪೋರ್ಟೊಪ್ರಿನ್ಸ್‌ನ ಬಹುಪಾಲು ಬೀದಿಗಳು ಅದರಲ್ಲಿರಲಿಲ್ಲ. ನಾನಾ ದೇಶಗಳ ಸ್ವಯಂಸೇವಕರು ತಮ್ಮ ಮನೆಗಳಲ್ಲಿಯೇ ಕುಳಿತು, ಉಪಗ್ರಹಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ರಸ್ತೆಗಳನ್ನು ಗುರುತಿಸಿದರು. ಪರಿಹಾರ ಕಾರ್ಯಕರ್ತರು ಆ ಭೂಪಟವನ್ನೇ ತಮ್ಮ ಕೈಯುಪಕರಣಗಳಲ್ಲಿ ತುಂಬಿಕೊಂಡು ಕುಸಿದ ಕಟ್ಟಡಗಳ ನಡುವೆ ದಾರಿ ಹುಡುಕಿದರು.