ಮೊದಲು ವಸ್ತಿ, ಆಮೇಲೆ ದಾರಿ

ತಮ್ಮಾ, ನೀ ಕಳಿಸಿದ ಪಟ್ಟಿ ಓದಿದೆ. ಕಬ್ಬೂರಿನಿಂದ ಹೊರಟು ಐದು ದಿನದಲ್ಲಿ ಕಾರವಾರ, ಅಂಕೋಲಾ, ಗೋಕರ್ಣ, ಮಿರ್ಜಾನ್ ಕೋಟೆ, ಹೊನ್ನಾವರ, ಮುರುಡೇಶ್ವರ, ಮರವಂತೆ, ಮಲ್ಪೆ, ಕಾಪು, ಮಂಗಳೂರು; ಆಸೆ ಉಳಿದರೆ ಕಾಸರಗೋಡಿನ ಬೇಕಲ ಕೋಟೆ. ಪ್ರತಿ ಊರಿನ ಮುಂದೆ ನೋಡುವ ಹೊತ್ತು ಬರೆದಿರುವೆ, ಊಟದ ಹೊತ್ತು ಬರೆದಿರುವೆ. ರಾತ್ರಿ ನಿನ್ನ ಬಾಡಿಗೆ ಕ್ಯಾರವಾನ್ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಒಂದು ಕಡೆಯೂ ಇಲ್ಲ. ಫೋನಿನಲ್ಲಿ ಕೇಳಿದರೆ "ಮನಿನೇ ಗಾಲಿ ಮ್ಯಾಲೆ ಐತಲ್ಲ ಕಾಕಾ, ಎಲ್ಲಿ ನಿಂತರೂ ಆತು" ಅಂದಿ.

ಮನೆ ಗಾಲಿಯ ಮೇಲೆ ಇರುವುದರಿಂದಲೇ ಆ ಮಾತು ನಡೆಯುವುದಿಲ್ಲ. ಕಾರಿನಲ್ಲಿ ಹೋದವನು ಸಂಜೆ ಲಾಡ್ಜ್ ಹಿಡಿಯುತ್ತಾನೆ. ನೀರು, ಕರೆಂಟು, ಸಂಡಾಸು, ಕಾವಲು ಎಲ್ಲ ಲಾಡ್ಜಿನವನ ತಲೆನೋವು. ನೀನು ಅದನ್ನೆಲ್ಲ ಹೊತ್ತುಕೊಂಡು ಹೊರಟಿರುವೆ. ನೀರು ಮುಗಿದರೆ ತುಂಬಿಸಬೇಕು, ಹೊಲಸು ತುಂಬಿದರೆ ಖಾಲಿ ಮಾಡಬೇಕು, ಬ್ಯಾಟರಿ ಇಳಿದರೆ ಏರಿಸಬೇಕು. ಅದಕ್ಕೇ ಮೊದಲು ವಸ್ತಿ ಗೊತ್ತು ಮಾಡು, ಆಮೇಲೆ ದಾರಿ ಬರಿ.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರು ಮನೆಯನ್ನೇ ಗಾಲಿಯ ಮೇಲೆ ಒಯ್ಯುತ್ತಿದ್ದರು. ಒಳಗೆ ಹಾಸಿಗೆ, ಕೆಳಗೆ ಕಂದೀಲು, ಹಿಂದೆ ಕಣಿಕಿಯ ಸೂಡು, ಡಬ್ಬಿಯಲ್ಲಿ ರೊಟ್ಟಿ. ಹೊರಡುವ ಮೊದಲು ಹಿರಿಯರು ಮಾತಾಡುತ್ತಿದ್ದುದು ಗುಡ್ಡದ ಬಗ್ಗೆ ಅಲ್ಲ. ಮೊದಲನೆಯ ರಾತ್ರಿ ಯಾವ ಹಳ್ಳದ ದಂಡೆಗೆ, ಅಲ್ಲಿ ಈಗ ನೀರು ಇದೆಯೋ ಇಲ್ಲವೋ, ಎತ್ತಿಗೆ ನೆರಳು ಇದೆಯೋ ಇಲ್ಲವೋ ಎಂಬುದೇ ಅವರ ಚರ್ಚೆ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿಯೂ ಹೀಗೇ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಮುಟ್ಟುತ್ತಿತ್ತು. ವಿಲಾಯತಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಆ ವ್ಯಾಪಾರಕ್ಕಾಗಿ ಕಾರವಾರದ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ನೀನು ಇಳಿಯಲಿರುವ ಘಟ್ಟವನ್ನು ನಮ್ಮ ಕಡೆಯ ಗಾಡಿಯವರು ಯಾವತ್ತೋ ಇಳಿದಿದ್ದಾರೆ, ರಾತ್ರಿ ಗಾಡಿಯ ಕೆಳಗೇ ಮಲಗಿದ್ದಾರೆ.

ಈಗ ನಿನ್ನ ಪಟ್ಟಿ. ಮಂಗಳೂರು, ಕಾಪು, ಮಲ್ಪೆ ಈ ಸಲ ಬಿಟ್ಟುಬಿಡು. ಬೇಕಲದ ಹೆಸರೇ ಎತ್ತಬೇಡ. ಕಾರವಾರದಿಂದ ಮಂಗಳೂರಿಗೆ ಹತ್ತಿರಹತ್ತಿರ 270 ಕಿಲೋಮೀಟರು. ಕಾರಿಗೆ ಅದು ಒಂದು ದಿನದ ಮಾತು, ಎತ್ತರದ ಭಾರದ ಗಾಡಿಗೆ ಅಲ್ಲ. ಪಾತ್ರೆ ಅಲುಗಾಡುತ್ತವೆ, ಮಕ್ಕಳಿಗೆ ವಾಂತಿ ಬರುತ್ತದೆ, ನಿನ್ನ ಅವ್ವನಿಗೆ, ಅಂದರೆ ನಮ್ಮ ವೈನಿಗೆ, ಮೊಣಕಾಲು ಹಿಡಿಯುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಈ ಗಾಡಿ ತರುತ್ತಿರುವುದೇ ವೈನಿಗೆ ದಾರಿಯಲ್ಲಿ ಸಂಡಾಸಿನ ತ್ರಾಸು ಆಗಬಾರದು ಅಂತ. ಅವರನ್ನು ದಿನವಿಡೀ ಕುಳ್ಳಿರಿಸಿದರೆ ಯಾರಿಗೆ ಸುಖ?

ಮೊದಲ ದಿನ ಯಲ್ಲಾಪುರದ ತನಕ ಮಾತ್ರ. ಹುಕ್ಕೇರಿ ಹಾಯ್ದು ಹೆದ್ದಾರಿ 48 ಹಿಡಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕಲಘಟಗಿ. ಬೆಳಗಾವಿಯಿಂದ ಚೋರ್ಲಾ ಘಾಟು ಹತ್ತಿರವಲ್ಲವೇ ಎಂದು ಕೇಳುವೆ. ಹತ್ತಿರವೇ, ಆದರೆ ಸಣ್ಣ ರಸ್ತೆ, ತಿರುವಿನ ಮೇಲೆ ತಿರುವು. ಅಣಶಿ ಘಾಟು ನೋಡಲು ಚೆಂದ, ಮನೆ ಹೊತ್ತ ಗಾಡಿಗೆ ಅದೂ ಬೇಡ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿಯುವ ದಾರಿಯಲ್ಲಿ ಲಾರಿಗಳ ಸಾಲು ಇರುತ್ತದೆ, ಇರಲಿ. ಲಾರಿ ಹೋಗುವ ದಾರಿಯಲ್ಲಿ ನಿನ್ನ ಗಾಡಿಯ ಎತ್ತರಕ್ಕೂ ಅಗಲಕ್ಕೂ ಜಾಗವಿದೆ ಎಂದೇ ಅರ್ಥ. ಘಟ್ಟವನ್ನು ಬೆಳಿಗ್ಗೆ, ತಂಪಿನಲ್ಲಿ, ನಿದ್ದೆಯಾದ ಮೇಲೆ ಇಳಿಯಬೇಕು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾಯ್ದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸು, ಆರಲಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ, ಅವನಿಗೆ ದಾರಿ ಬಿಡು.

ಘಟ್ಟದ ಚಿಂತೆ ಎಲ್ಲರೂ ಮಾಡುತ್ತಾರೆ. ನನ್ನ ಚಿಂತೆ ನಮ್ಮೂರ ರಸ್ತೆಯದು. ನೀನು ಹೊರಡುವುದು ಕಬ್ಬಿನ ಹಂಗಾಮಿನಲ್ಲಿ. ಎರಡೆರಡು ಟ್ರೇಲರ್ ಜೋಡಿಸಿ, ಅಡ್ಡಡ್ಡ ಕಬ್ಬು ಹೇರಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್‌ಗಳು ರಾತ್ರಿ ಕಾಣುವುದೇ ಇಲ್ಲ. ಹೋಗುವಾಗ ನಸುಕು ಹರಿದ ಮೇಲೆ ಹೊರಡು. ಬರುವಾಗ ಹೊತ್ತು ಮುಳುಗುವ ಮೊದಲು ಹುಕ್ಕೇರಿ ಮುಟ್ಟದಿದ್ದರೆ ಬೆಳಗಾವಿಯಲ್ಲೇ ಇನ್ನೊಂದು ವಸ್ತಿ ಮಾಡು. ಊರು ಹತ್ತಿರ ಬಂದಿತೆಂದು ಅವಸರ ಮಾಡುವುದು ನಮ್ಮವರೆಲ್ಲರ ಚಟ.

ಎರಡನೆಯ ದಿನ ಅಂಕೋಲಾಕ್ಕೆ ಇಳಿದ ಮೇಲೆ ಹೆದ್ದಾರಿ 66 ಹಿಡಿದು ನಡುವೆ ಎಲ್ಲೂ ಊರು ನೋಡದೆ ಸೀದಾ ಮರವಂತೆ, ಕುಂದಾಪುರದ ಕಡೆ ಹೋಗಿಬಿಡು. ನೋಡುವುದೆಲ್ಲ ತಿರುಗಿ ಬರುವಾಗ. ಯಾಕೆಂದರೆ ನಾವು ಎಡಕ್ಕೆ ಓಡಿಸುವವರು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಕ್ಕೆ. ಪ್ರತಿ ಸಲ ಹೆದ್ದಾರಿ ಅಡ್ಡ ಹಾಯ್ದು ಆ ಕಡೆ ತಿರುಗಬೇಕು. ಉತ್ತರಕ್ಕೆ ಬರುವಾಗ ಸಮುದ್ರ ನಿನ್ನ ಎಡಕ್ಕೇ ಇರುತ್ತದೆ. ಗಾಡಿಯ ಬಾಗಿಲೂ ಎಡಕ್ಕೆ. ಮಕ್ಕಳು ಇಳಿದರೆ ಸಮುದ್ರದ ಕಡೆ ಇಳಿಯುತ್ತಾರೆ, ಹೆದ್ದಾರಿಯ ಕಡೆ ಅಲ್ಲ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಅಲ್ಲಿಂದ ನಿಧಾನಕ್ಕೆ ಮೇಲೆ ಬಾ: ಮುರುಡೇಶ್ವರ, ಕಾಸರಕೋಡು, ಹೊನ್ನಾವರದ ಶರಾವತಿ ಸೇತುವೆ. ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಸ್ನಾನದ ಮನೆ, ಸಂಡಾಸು ಸರಿಯಾಗಿವೆ. ವೈನಿಗೆ ಸಮುದ್ರ ತೋರಿಸಲು ಅದೇ ತಕ್ಕ ಜಾಗ. ಗೋಕರ್ಣದ ಓಣಿಗಳಿಗೆ ಗಾಡಿ ನುಗ್ಗಿಸಬೇಡ. ಹೊರಗೆ ನಿಲ್ಲಿಸಿ ರಿಕ್ಷಾ ಮಾಡು. ಅಂಕೋಲಾದಲ್ಲಿ 1930ರ ಉಪ್ಪಿನ ಸತ್ಯಾಗ್ರಹದ ಕಥೆ ಮಕ್ಕಳಿಗೆ ಹೇಳು. ಕಾರವಾರದಲ್ಲಿ ಠಾಗೋರರ ಹೆಸರಿನ ಬೀಚಿನ ಪಕ್ಕ ನೌಕಾಪಡೆಯ ಚಪಲ್ ಹಡಗು ಇದೆ, ಹುಡುಗರು ಅದರ ಮೇಲಿಂದ ಇಳಿಯಲು ಒಪ್ಪುವುದಿಲ್ಲ.

ವಸ್ತಿಯ ಜಾಗ ಹೇಗಿರಬೇಕು? ನಾನು ಸಕ್ಕರೆ ಚೀಲ ಹೇರಿಕೊಂಡು ಈ ದಾರಿಯಲ್ಲಿ ಓಡಾಡಿದವನು. ನನ್ನ ಕಣ್ಣು ಮೊದಲು ಹೋಗುವುದು ಮೇಲಕ್ಕೆ. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದ ಜಾಗದ ಕೆಳಗೆ ಯಾವತ್ತೂ ನಿಲ್ಲಬೇಡ, ಐದು ನಿಮಿಷದ ಚಹಾಕ್ಕೂ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿದಾಗ ರಸ್ತೆ ಬದಿಯ ಚಹಾದ ಅಂಗಡಿ ಹೋಯಿತು, ಅದರಲ್ಲಿದ್ದ ಮನೆಮಂದಿ ಹೋದರು. ಅಲ್ಲಿದ್ದ ಒಂದು ಲಾರಿ ಗಂಗಾವಳಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ, ಡ್ರೈವರನ ಹೆಣ ಒಳಗೇ ಇತ್ತು. ಅದೇ ಮಳೆಗಾಲದಲ್ಲಿ, ಆಗಸ್ಟ್ 7ರ ನಸುಕಿಗೆ, ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆಯೂ ಕುಸಿಯಿತು. ಮಳೆಗಾಲದಲ್ಲಿ ಹಸಿರು ಚೆಂದ ಎನ್ನುವವರ ಮಾತು ಕೇಳಬೇಡ. ಸಂಕ್ರಮಣ ಕಳೆದ ಮೇಲೆ ಹೋಗು. ಹೇಗೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಿನ್ನ ಹೆಂಡತಿಗೆ ತಾಜಾ ಬಂಗಡೆ ಸಿಗುವುದೂ ಕಷ್ಟ.

ಮೇಲೆ ನೋಡಿದ ಮೇಲೆ ಕೆಳಗೆ ನೋಡು. ಉಸುಕಿನ ಮೇಲೆ ಗಾಲಿ ಇಡಬೇಡ. ಅಷ್ಟು ಭಾರದ ಗಾಡಿ ಹುಗಿದರೆ ಎಳೆಯಲು ಟ್ರ್ಯಾಕ್ಟರ್ ಬೇಕು, ಅಮಾಸಿ ಹುಣ್ಣಿವಿಯ ಆಸುಪಾಸು ಭರತದ ನೀರು ಇನ್ನೂ ಮೇಲಕ್ಕೆ ಬರುತ್ತದೆ. ದೋಣಿ ಎಳೆಯುವ ಜಾಗ, ಬಲೆ ಒಣಹಾಕುವ ಜಾಗ ಖಾಲಿ ಕಂಡರೂ ಖಾಲಿಯಲ್ಲ. ನಸುಕಿನಲ್ಲಿ ಅವರು ದುಡಿಯಲು ಬರುತ್ತಾರೆ. ನಮ್ಮ ಕಣದಲ್ಲಿ ಯಾರೋ ಬಂದು ಗಾಡಿ ಬಿಟ್ಟರೆ ನಿನ್ನ ಅಪ್ಪ ಏನು ಅಂದಾನು? ದೊಡ್ಡ ಅಂಗಳದ ಹೋಟೆಲು, ಯಾತ್ರಿ ನಿವಾಸ, ಹೋಮ್‌ಸ್ಟೇಯ ಹಿತ್ತಲು ಇಂಥವು ಸಾಕು. ಹೊರಡುವ ಮೊದಲೇ ಫೋನು ಮಾಡಿ ನಾಲ್ಕೇ ಮಾತು ಕೇಳು: ಗೇಟಿನ ಎತ್ತರ ಎಷ್ಟು, ಕುಡಿಯುವ ನೀರು ತುಂಬಿಸಬಹುದೇ, ಹದಿನೈದು ಆಂಪಿಯರ್ ಪ್ಲಗ್ ಇದೆಯೇ, ಸಂಡಾಸಿನ ತೊಟ್ಟಿ ಖಾಲಿ ಮಾಡಲು ಬಿಡುತ್ತೀರಾ. ನಾಲ್ಕನೆಯದನ್ನು ಕೇಳಲು ನಾಚಿಕೆಪಟ್ಟವರೇ ಕೊನೆಗೆ ಕತ್ತಲೆಯಲ್ಲಿ ಹೊಳೆಗೆ ಸುರಿಯುತ್ತಾರೆ. ಕರಾವಳಿಯ ಒಳರಸ್ತೆಗಳಲ್ಲಿ ಎರಡೂ ಕಡೆ ಕೆಂಪುಕಲ್ಲಿನ ಪಾಗಾರ, ಮೇಲೆ ತೆಂಗಿನ ಗರಿ, ಜೋತ ತಂತಿ. ಗಾಡಿಯ ಎತ್ತರ ಅಳೆದು ಡ್ರೈವರ್ ಸೀಟಿನ ಎದುರಿಗೆ ಬರೆದು ಅಂಟಿಸು.

ಆ ಪ್ಲಗ್ಗಿನ ಮಾತನ್ನು ಹಗುರಾಗಿ ತಗೋಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದ ಹತ್ತಿರ, ಇದೇ ಹೆದ್ದಾರಿ 66ರ ಬದಿಗೆ ನಿಲ್ಲಿಸಿದ ಇಂಥದೇ ಕ್ಯಾರವಾನಿನಲ್ಲಿ ಇಬ್ಬರು ಸತ್ತಿದ್ದರು. ಜನರೇಟರಿನ ಹೊಗೆ ಒಳಗೆ ಸೇರಿತ್ತು. ಆ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಎ.ಸಿ.ಗಾಗಿ ರಾತ್ರಿ ಜನರೇಟರ್ ಹಚ್ಚಿ, ಇಲ್ಲವೆ ಎಂಜಿನ್ ಚಾಲೂ ಬಿಟ್ಟು, ಕಿಟಕಿ ಮುಚ್ಚಿ ಮಲಗಬಾರದು. ಪ್ಲಗ್ ಸಿಗದ ರಾತ್ರಿ ಫ್ಯಾನು, ಸೊಳ್ಳೆ ಪರದೆ, ತೆರೆದ ಕಿಟಕಿ. ಜನವರಿಯಲ್ಲಿ ಅಷ್ಟು ಸಾಕು. ಕಾರ್ಬನ್ ಮೊನಾಕ್ಸೈಡನ್ನು ಪತ್ತೆ ಹಚ್ಚುವ ಅಲಾರಾಂ ಗಾಡಿಯಲ್ಲಿ ಇದೆಯೇ ಎಂದು ಬಾಡಿಗೆಯವನನ್ನು ಕೇಳು, ಇಲ್ಲದಿದ್ದರೆ ಕೊಂಡು ಹಾಕು. ಗಾಡಿ ಓಡುವಾಗ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಇರಬೇಕು. ಆ ಕೆಲಸ ಒಬ್ಬರಿಗೇ ಒಪ್ಪಿಸು.

ಬಾಡಿಗೆ ಗಾಡಿಯ ಜೊತೆ ಡ್ರೈವರ್ ಬಂದರೆ ಅವನು ಎಲ್ಲಿ ಮಲಗುತ್ತಾನೆ? ನಿನ್ನ ಪಟ್ಟಿಯಲ್ಲಿ ಅವನೂ ಇಲ್ಲ. ಹಾಸಿಗೆ ನಾಲ್ಕು, ನೀವು ನಿಮ್ಮ ಮಂದಿ, ಅವನಿಗೆ ಸೀಟು ಬಾಗಿಸಿ ಮಲಗು ಅನ್ನುತ್ತೀರಿ. ನನ್ನ ಆಯುಷ್ಯದ ಅರ್ಧ ಸೀಟಿನ ಮೇಲೆ ಮಲಗಿ ಕಳೆದವನು ಹೇಳುತ್ತೇನೆ, ಕೇಳು: ಹಾಗೆ ಮಲಗಿದವನ ಕಣ್ಣು ಮರುದಿನ ಊಟದ ನಂತರ ತಾನಾಗಿ ಮುಚ್ಚುತ್ತದೆ. ಪ್ರತಿ ವಸ್ತಿಯಲ್ಲಿ ಅವನಿಗೊಂದು ಖೋಲಿ ಹಿಡಿ, ಅದರ ರೊಕ್ಕ ಮೊದಲೇ ತೆಗೆದಿಡು. ಊಟಕ್ಕೆ ಎಲ್ಲರ ಜೊತೆ ಕರಿ. "ಇನ್ನೊಂದು ಬೀಚು, ಹತ್ತಿರವೇ ಐತಿ" ಅಂತ ಸಂಜೆ ಆರರ ಮೇಲೆ ಅವನನ್ನು ಪೀಡಿಸಬೇಡ. ನೀನೇ ಓಡಿಸುವೆ ಎಂದರೂ ಇದೇ ನೇಮ. ಏಳೂವರೆ ಸಾವಿರ ಕಿಲೋ ತೂಕದೊಳಗಿನ ಗಾಡಿ ನಿನ್ನ ಕಾರಿನ ಲೈಸೆನ್ಸಿನಲ್ಲೇ ನಡೆಯುತ್ತದೆ, ಆದರೆ ಲೈಸೆನ್ಸಿಗೆ ಘಟ್ಟ ಗೊತ್ತಿಲ್ಲ. ಮೊದಲು ನಾಗರಮುನ್ನೋಳಿಯ ತನಕ ಓಡಿಸಿ, ಹಿಂದಕ್ಕೆ ತೆಗೆದು ತೋರಿಸು.

ಮುಂದಿನ ವರ್ಷ ಹಳೆಯ ಟ್ರಾವೆಲರ್ ಕೊಂಡು ಕೊಲ್ಲಾಪುರದಲ್ಲಿ ಬಾಡಿ ಕಟ್ಟಿಸುವ ಮಾತಾಡಿದಿಯಲ್ಲ, ಅದಕ್ಕೆ ಮೊದಲು ಆರ್.ಟಿ.ಓ. ಕಚೇರಿಗೆ ಹೋಗು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮನಸ್ಸಿಗೆ ಬಂದಂತೆ ಗಾಡಿಯ ರೂಪ ಬದಲಿಸಲು ಬರುವುದಿಲ್ಲ. ಕಾಗದ ಒಂದು ಹೇಳಿ ಗಾಡಿ ಇನ್ನೊಂದು ಹೇಳಿದರೆ ವಿಮೆಯವರು ಅಪಘಾತದ ದಿನ ತಕರಾರು ತೆಗೆಯುತ್ತಾರೆ.

ಬುತ್ತಿಯ ಸಂಗತಿ ವೈನಿಗೆ ಬಿಡು. ಒಂದು ಮಾತು ಮಾತ್ರ ಹೇಳು: ಖಟಕ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿದರೆ ಕರಾವಳಿಯ ಹಸಿ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಅವರಿಗೆ ಎಲ್ಲೂ ಹಸಿವೆಯಾಗುವುದಿಲ್ಲ. ಮೀನು ತಿನ್ನುವವರು ಹೊರಗೆ ಖಾನಾವಳಿಯಲ್ಲಿ ತಿನ್ನಿರಿ, ಗಾಡಿಯೊಳಗೆ ಹುರಿಯಬೇಡಿ. ಆ ವಾಸನೆ ಕಬ್ಬೂರಿನ ತನಕ ಬರುತ್ತದೆ, ವೈನಿಯೂ ಅಲ್ಲಿಯ ತನಕ ಸುಮ್ಮನಿರುವುದಿಲ್ಲ. ಬಾವಿಯಲ್ಲಿ ಈಜು ಕಲಿತ ಹುಡುಗರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ಮೊಣಕಾಲಿಗಿಂತ ಆಳ ಬೇಡ, ಅದೂ ಕಾವಲುಗಾರ ಇರುವ ಬೀಚಿನಲ್ಲಿ. ಊರಿಗೆ ಬಂದ ಮೇಲೆ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿಯೇ ಮರಳಿ ಕೊಡು. ಉಪ್ಪು ಗಾಳಿ ಕಬ್ಬಿಣವನ್ನು ತಿನ್ನುತ್ತದೆ.

ಹೊರಡುವ ದಿನ ಸೋಮವಾರ ಇರಲಿ. ಶನಿವಾರ ಭಾನುವಾರ ಗೋಕರ್ಣದಲ್ಲೂ ಮುರುಡೇಶ್ವರದಲ್ಲೂ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಸೋಮವಾರ ಹೊರಟರೆ ಶುಕ್ರವಾರದೊಳಗೆ ನೋಡಿ ಮುಗಿಯುತ್ತದೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡಬಾರದು ಎಂದು ನಿನ್ನ ಅಪ್ಪ ಆಕ್ಷೇಪ ತೆಗೆಯುತ್ತಾನೆ. ಇದು ಡೀಸೆಲ್ ಗಾಡಿ ಎಂದು ನಾನು ಅವನಿಗೆ ಹೇಳುತ್ತೇನೆ. ನೀನು ವಸ್ತಿಯ ಊರುಗಳನ್ನು ಬರೆದು ಹೊಸ ಪಟ್ಟಿ ಕಳಿಸು, ಹೋಟೆಲಿನವರ ಫೋನ್ ನಂಬರ್ ಸಮೇತ.