ಮಣ್ಣಿನ ಕಣಕ್ಕೆ ಬೆಸುಗೆ, ಬೆಸುಗೆಗೆ ಲೆಕ್ಕ

ಬೆಸೆದುಕೊಂಡ ಮಣ್ಣು ಎಷ್ಟು ಭಾರ ತಡೆದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕಸುಬು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಸೀಮೆಯ ಮಣ್ಣು ಕಲಿಸಿದ ಕೆಲವು ಪಾಠ ಇಲ್ಲಿವೆ.

1. ಯಾವ ಬೆಸುಗೆ ಎಂದು ಮೊದಲು ಕೇಳಿಕೊಳ್ಳಿ. ಇಲ್ಲಿನ ತೆರೆದ ಬಾವಿಯೊಳಗೆ ಬಗ್ಗಿ ನೋಡಿದರೆ ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಇನ್ನೂ ಕೆಳಗೆ ಶಿಥಿಲವಾದ ಬಂಡೆ. ಕೆಂಪು ಮಣ್ಣನ್ನು ಹಿಡಿದಿರುವುದು ಜೇಡಿ ಮತ್ತು ಕಬ್ಬಿಣದ ಆಕ್ಸೈಡು. ಬಂಡೆಯನ್ನು ಹಿಡಿದಿರುವುದು ಅದರ ಹಳೆಯ ಖನಿಜದ ಬಂಧ. ಮಣ್ಣಿನ ಇಟ್ಟಿಗೆಯಲ್ಲಿ ನಾವೇ ಹಾಕಿದ ಸಿಮೆಂಟು. ಮೂರಕ್ಕೂ ಒಂದೇ ಅಂಕಿ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

2. ಬೆಸುಗೆಯ ಬಲ ಅಳೆದು ಸಿಗುವುದಲ್ಲ, ಹೊಂದಿಸಿ ಸಿಗುವುದು. ನನ್ನ ಲೆಕ್ಕದಲ್ಲಿ ಮಣ್ಣೆಂದರೆ ಕಣಗಳ ರಾಶಿ. ಸಂಶೋಧಕರಾದ ಕುಂಡಾಲ್ ಮತ್ತು ಸ್ಟ್ರ್ಯಾಕ್ 1979ರಲ್ಲಿ ಇಂಥ ಬಿಡಿ ಕಣಗಳ ಲೆಕ್ಕ ಪ್ರಕಟಿಸಿದರು. 2004ರಲ್ಲಿ ಪೋಟ್ಯಾಂಡಿ ಮತ್ತು ಕುಂಡಾಲ್ ಬೆಸೆದ ಕಣಗಳ ಮಾದರಿಯನ್ನು ವಿವರವಾಗಿ ಮುಂದಿಟ್ಟರು. ಈ ಮಾದರಿಯನ್ನು ಒತ್ತುವ ಪರೀಕ್ಷೆಯೊಂದಕ್ಕೇ ತಾಳೆ ನೋಡಿದರೆ ಬೆಸುಗೆಯ ಹತ್ತಾರು ಜೋಡಿ ಅಂಕಿಗಳು ಹೊಂದಿಬಿಡುತ್ತವೆ. ಸಿಲಿಂಡರನ್ನು ಅಡ್ಡ ಮಲಗಿಸಿ ಸೀಳುವ ಪರೀಕ್ಷೆಯೂ ಇರಲಿ. ಬರೀ ದುಂಡು ಕಣ ಬಳಸಿದರೆ ಎಳೆತದ ಬಲ ಇರಬೇಕಾದ್ದಕ್ಕಿಂತ ಹೆಚ್ಚು ಬರುವುದು ಆಗ ಕಣ್ಣಿಗೆ ಬೀಳುತ್ತದೆ.

3. ಕಣದ ಗಾತ್ರವೂ ಬಲವೇ. 230×190×100 ಮಿ.ಮೀ. ಇಟ್ಟಿಗೆಯನ್ನು 0.1 ಮಿ.ಮೀ. ಕಣಗಳಿಂದ ತುಂಬಿಸಲು 500 ಕೋಟಿಗೂ ಹೆಚ್ಚು ಕಣ ಬೇಕು. ಯಾವ ಕಂಪ್ಯೂಟರೂ ಸುಮ್ಮನೆ ಒಪ್ಪುವುದಿಲ್ಲ. 2 ಮಿ.ಮೀ.ಗೆ ಏರಿಸಿದರೆ ಏಳು ಲಕ್ಷದೊಳಗೆ ಮುಗಿಯುತ್ತದೆ. ಆದರೆ ಗಾತ್ರ ಬದಲಾದೊಡನೆ ಬಿರುಕಿಗೆ ಒಡ್ಡುವ ತಡೆಯೂ ಬದಲಾಗುತ್ತದೆ, ಹೊಂದಾಣಿಕೆ ಮತ್ತೆ ಮೊದಲಿಂದ.

4. ಒಣ ಇಟ್ಟಿಗೆಯ ಬಲ ನಂಬಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಈ ಇಟ್ಟಿಗೆಯಲ್ಲಿ ಲೆಕ್ಕಕ್ಕೆ ಬರುವುದು ನೆನೆಸಿ ಒಡೆದಾಗಿನ ಬಲ. ನೂರಕ್ಕೆ 7ರಷ್ಟು ಸಿಮೆಂಟ್ ಇದ್ದರೂ ನೆನೆದಾಗ ಒಣ ಬಲ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಸಿಮೆಂಟು ಕರಗಿತೆಂದಲ್ಲ, ಒಣಗಿದ್ದಾಗ ಜೇಡಿ ಕೊಡುತ್ತಿದ್ದ ಹಿಡಿತ ಹೋಗುತ್ತದೆ. ಹಾಗಾಗಿ ಮಾದರಿಯಲ್ಲಿ ಎರಡು ಬೆಸುಗೆ ಬೇರೆಬೇರೆ ಇಡುತ್ತೇನೆ, ನೀರು ಬಂದಾಗ ಜೇಡಿಯದ್ದನ್ನು ಮಾತ್ರ ಇಳಿಸುತ್ತೇನೆ. ಎಲ್ಲವನ್ನೂ ಸಮನಾಗಿ ಅರ್ಧ ಮಾಡಿದರೆ ಅಂಕಿ ಸರಿಹೋದೀತು, ಬಿರುಕಿನ ದಾರಿ ತಪ್ಪುತ್ತದೆ.

5. ಒಡೆದ ಇಟ್ಟಿಗೆಯ ತುಂಡನ್ನು ಬಿಸಿಲಿಗೆ ಹಿಡಿದು ನೋಡಿ. ಸಿಮೆಂಟ್ ತಲುಪದ ಕೆಂಪು ಹೆಂಟೆ, ಪಕ್ಕದಲ್ಲೇ ಬೂದು ಬಣ್ಣದ ಗಟ್ಟಿ ಪದರ. ಬಿರುಕು ಹರಿದಿರುವುದು ಹೆಂಟೆಯ ಅಂಚಿನಲ್ಲಿ. ಜರಡಿ ಹಿಡಿಯದ ಮಣ್ಣಿಗೆ ಏಕರೂಪದ ಬೆಸುಗೆ ಕೊಡುವುದು ಶುದ್ಧ ಸುಳ್ಳು.

6. ಮಾದರಿಯಲ್ಲಿ ಕಣಗಳು ತಾಗುವ ಕಡೆ ಹಾಕುವ ಚುಕ್ಕಿಯಂಥ ಬೆಸುಗೆ ಕಣ ಉರುಳುವುದನ್ನು ತಡೆಯುವುದಿಲ್ಲ. ಸಿಮೆಂಟಿಗೆ ಪ್ಯಾರಲಲ್ ಬಾಂಡ್ ಎಂಬ ಅಗಲವಿರುವ ಬೆಸುಗೆಯೇ ಬೇಕು.

7. ಇಟ್ಟಿಗೆಯಿಂದ ಬಂಡೆಗೆ ಬಂದರೆ, ಹೇಮಾವತಿ ನೀರನ್ನು ತುಮಕೂರಿನತ್ತ ಒಯ್ಯುವ ಬಾಗೂರು–ನವಿಲೆ ಸುರಂಗದ ಉದ್ದ ಸುಮಾರು 10 ಕಿ.ಮೀ. ಅಂಥದ್ದನ್ನು ಇಡಿಯಾಗಿ ಕಣಗಳಿಂದ ಕಟ್ಟಲು ಹೊರಡಬೇಡಿ. ಒಂದು ಅಡ್ಡಕೊಯ್ತ ತೆಗೆದುಕೊಂಡು, ಸುರಂಗದ ನೆತ್ತಿಯ ಸುತ್ತ ಒಂದೆರಡು ಮೀಟರಿಗೆ ಮಾತ್ರ ಕಣ, ಉಳಿದದ್ದಕ್ಕೆ ಬಂಡೆಯನ್ನು ಅಖಂಡವೆಂದು ಎಣಿಸುವ ಮಾಮೂಲಿ ಫೈನೈಟ್ ಎಲಿಮೆಂಟ್ ಲೆಕ್ಕ. ಎರಡೂ ಸೇರುವ ಗಡಿಯಲ್ಲಿ ಪೆಡಸುತನ ಹೊಂದಬೇಕು. ಇಲ್ಲದಿದ್ದರೆ ಬಿರುಕೆಲ್ಲ ಆ ಗಡಿಯಲ್ಲೇ ಹುಟ್ಟಿ, ನೆತ್ತಿ ಭದ್ರವಾಗಿದೆ ಎಂದು ಪರದೆ ಹೇಳುತ್ತದೆ.